ಸೊನ್ನೆಯಲ್ಲಿ ಕೂತವರು

ಗುಂಡ್ಲುಪೇಟೆಯ ಒಂದು ಟ್ರಸ್ಟಿನ ಆಫೀಸಿನಲ್ಲಿ ಕಣ್ಣಿನ ಕ್ಯಾಂಪಿಗೆ ಹೆಸರು ಬರೆದುಕೊಳ್ಳುವ ಕೆಲಸ ಶಿವರಂಜಿನಿಯದು. ಚುರುಕು ಹುಡುಗಿ, ಚೂರು ಜಂಬವೂ ಇತ್ತು. ಮೊಬೈಲಿನಲ್ಲಿ ಪಾಠ ನೋಡಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತಳು. ಚೌಕ ಕಂಸದೊಳಗೆ ಹೆಸರುಗಳನ್ನು ಜೋಡಿಸಿ ಲಿಸ್ಟ್ ಮಾಡುವುದು ಒಂದೇ ವಾರದಲ್ಲಿ ಕೈಗೆ ಹತ್ತಿತು. ಲಿಸ್ಟಿನಲ್ಲಿ ಎಣಿಕೆ ಸೊನ್ನೆಯಿಂದ ಶುರು ಎಂದು ಪಾಠದ ಮೇಷ್ಟ್ರು ಬಾಯಿ ಬಡಿದುಕೊಂಡರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಯಾವ ಪಟ್ಟಿಯೇ ಆಗಲಿ, ಮೊದಲು ಮನೆದೇವರು ಮಾದಪ್ಪನ ಹೆಸರು ಬರೆದು ಆಮೇಲೆ ಮನುಷ್ಯರದು ಬರೆಯುವುದು ಅವರ ಮನೆಯ ರೂಢಿ. ಕಂಪ್ಯೂಟರಿನಲ್ಲೂ ಹಾಗೇ ಬರೆದಳು. ಸೊನ್ನೆಯಲ್ಲಿ ದೇವರು ಕೂತ, ಒಂದರಲ್ಲಿ ಮೊದಲ ರೋಗಿ. ಒಂದರಿಂದ ಕೊನೆಯವರೆಗೆ ಕ್ಯಾಂಪಿನ ಕಾರ್ಡು ಅಚ್ಚು ಹಾಕು ಎಂದು ಕಂಪ್ಯೂಟರಿಗೆ ಹೇಳಿದರೆ ಎಲ್ಲರದೂ ಸರಿಯಾಗಿ ಬರುತ್ತಿತ್ತು.

ಆ ಸಲ ಚಾಮರಾಜನಗರದಲ್ಲಿ ಕ್ಯಾಂಪು. "ಪಟ್ಟಿಲಿ ದೇವ್ರೆಸ್ರು ಬ್ಯಾಡ ಕಣಮ್ಮಿ, ಡಾಕ್ಟ್ರು ನಗ್ತಾರೆ," ಎಂದರು ಕಾರ್ಯದರ್ಶಿ ನೀಲಕಂಠಸ್ವಾಮಿ. ಅವಳು ಮಾದಪ್ಪನನ್ನು ಅಳಿಸಿದಳು, ಒಂದರಿಂದ ಅಚ್ಚು ಹಾಕು ಎಂದಿದ್ದನ್ನು ಮುಟ್ಟಲಿಲ್ಲ. ಸೊನ್ನೆಗೆ ಬಂದು ಕೂತವರು ಬೇಗೂರಿನ ಕೆಳಗಿನ ಕೇರಿಯ ದೊಡ್ಡಮಾದಯ್ಯ. ಕೂಲಿ ಮಾಡಿ ಬದುಕಿದ ಹಿರಿಯರು, ಎರಡು ಕಣ್ಣಿಗೂ ಪೊರೆ. ಎಲ್ಲರಿಗಿಂತ ಮೊದಲು ಬಂದು ಹೆಸರು ಬರೆಸಿದ್ದರು. ಅವರೊಬ್ಬರ ಕಾರ್ಡು ಮಾತ್ರ ಬರಲಿಲ್ಲ. ಬೇಗೂರಿಗೆ ವ್ಯಾನು ಬಂದಾಗ ಕಾರ್ಡು ನೋಡಿ ಹೆಸರು ಕರೆದರು, ಕರೆದವರು ಹತ್ತಿದರು. ದೊಡ್ಡಮಾದಯ್ಯ ತುಟಿ ಬಿಚ್ಚದೆ ಟವೆಲು ಹೆಗಲಿಗೆ ಹಾಕಿಕೊಂಡು ಮನೆಗೆ ಹೋದರು.

ಮೂರು ತಿಂಗಳಾದ ಮೇಲೆ ಮುಂದಿನ ಕ್ಯಾಂಪಿಗೆ ಹೆಸರು ಬರೆಸಲು ಮತ್ತೆ ಬಂದರು. ಹಳೆಯ ಫೈಲು ತೆಗೆದು ನೋಡಿದಾಗಲೇ ಅವರು ಸೊನ್ನೆಯಲ್ಲಿ ಕೂತಿದ್ದು ಅವಳ ಕಣ್ಣಿಗೆ ಬಿದ್ದಿದ್ದು. ಕ್ಯಾಂಪಿಗೆ ಕಾಯದೆ ಅವತ್ತೇ ಚಾಮರಾಜನಗರಕ್ಕೆ ಕರೆದುಕೊಂಡು ಹೋಗಿ ತೋರಿಸಿದಳು. ಬಲಗಣ್ಣಿಗೆ ಆಪರೇಷನ್ ಮಾಡಬಹುದು, ಎಡಗಣ್ಣಿನಲ್ಲಿ ಒತ್ತಡ ಏರಿ ನರ ಸತ್ತಿದೆ, ಮೂರು ತಿಂಗಳ ಹಿಂದೆ ಬಂದಿದ್ದರೆ ಉಳಿಯುತ್ತಿತ್ತೇನೋ ಎಂದರು ಡಾಕ್ಟರು. ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಇಲ್ಲಿ ಮಾಡಿದವಳು ಒಬ್ಬಳು, ಉಂಡವರು ಇನ್ನೊಬ್ಬರು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಡೆದದ್ದನ್ನೆಲ್ಲ ಬಿಡಿಸಿ ಹೇಳಿ ಅತ್ತಳು. "ತೆಪ್ಪು ನಂದೇ ಕಣ್ ತಾತ. ಅವತ್ತು ನನ್ನೆಸ್ರು ಯಾಕಿಲ್ಲ ಅಂತ ಒಂದ್ಮಾತು ಕೇಳ್ಬಾರ್ದಾಗಿತ್ತಾ?"

"ಅಳ್ಬ್ಯಾಡ ಕಣಮ್ಮಿ," ಎಂದರು ದೊಡ್ಡಮಾದಯ್ಯ. "ನಮ್ ಕೇರಿಯೋರೆಸ್ರ ಬುಡದು ಒಸ್ದಾ? ಬೇಕಂತ್ಲೇ ಬುಟ್ಟವ್ರೆ ಅಂದ್ಕಂಡಿ. ಅದ್ಕೇ ಕೇಳ್ನಿಲ್ಲ."

ಆ ಮಾತು ಕೇಳಿದ ಮೇಲೆ ಶಿವರಂಜಿನಿಗೆ ಅಳುವುದಕ್ಕೂ ನಾಚಿಕೆಯಾಯಿತು.