ಸೊಪ್ಪಿನ ದೊಡ್ಡಮುನಿಯಮ್ಮನ ಕಟ್ಟಪ್ಪಣೆ

ದೊಡ್ಡಮುನಿಯಮ್ಮ ಚಾಮರಾಜಪೇಟೆಯಲ್ಲಿ ನಿಂತು ‘ಸೊಪ್ಪೋ’ ಎಂದರೆ ಮಲ್ಲೇಶ್ವರದ ಹೆಂಗಸರು ಮೊರ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಬೀದಿ ಖಾಲಿಯಿರುವುದನ್ನು ಕಂಡು ಬೈದುಕೊಂಡು ಒಳಗೆ ಹೋಗುತ್ತಿದ್ದರು. ಪ್ಲೇಗು ಅವಳ ಮಗನನ್ನೂ ಸೊಸೆಯನ್ನೂ ಕೊಂಡೊಯ್ದಿತು. ಉಳಿದ ಹಸುಗೂಸು ಮುನಿಕೃಷ್ಣನನ್ನು ಸೊಪ್ಪಿನ ಕುಕ್ಕೆಯಲ್ಲೇ ಮಲಗಿಸಿಕೊಂಡು ಬೀದಿ ಸುತ್ತಿ ಬೆಳೆಸಿದಳು. ಹದಿನಾರಕ್ಕೆ ಮೊಮ್ಮಗನ ಕಂಠ ಅಜ್ಜಿಯದನ್ನೂ ಮೀರಿಸಿತು. ಅವನು ಕೂಗಿದರೆ ಬಸವನಗುಡಿಯ ಕಾಗೆಗಳು ಮರ ಬಿಟ್ಟೇಳುತ್ತಿದ್ದವು.

ಆ ಕಂಠ ಒಂದು ಬೆಳಗ್ಗೆ ‘ಸೊ’ ಎನ್ನುವಲ್ಲೇ ಮುರಿದು ಕೆಮ್ಮಾಯಿತು. ಹುಡುಗ ಗೋಡೆ ಹಿಡಿದು ಏದುಸಿರು ಬಿಟ್ಟ. ಅಜ್ಜಿ ಬಾಯಿ ಮೂಸಿದಳು. ಚುಟ್ಟದ ನಾತ.

“ಯಾವನೋ ಕಲಿಸ್ದೋನು? ಜಟಕಾದೋನಾ? ಹೇಳು, ಕುದುರೆ ಬಿಚ್ಚಿ ಅವನನ್ನೇ ಗಾಡಿಗೆ ಕಟ್ತೀನಿ!”

“ನೀನೇ ಕಣಜ್ಜಿ.”

“ಏನಂದೆ?”

“ದಿನಾ ‘ಒಲೇಲಿ ಚುಟ್ಟ ಹಚ್ಕೊಂಡ್ ಬಾ ಮಗಾ’ ಅಂತಿರ್ಲಿಲ್ವಾ? ದಮ್ಮು ಎಳೀದೆ ಅದು ಹತ್ತುತ್ತಾ? ಚಿಕ್ಕೋನಿದ್ದಾಗಿಂದ ಹಚ್ತಿದೀನಿ. ಈಗ ಬಿಡಕ್ಕಾಗಲ್ಲ.”

ದೊಡ್ಡಮುನಿಯಮ್ಮ ಜನ್ಮದಲ್ಲೇ ಮೊದಲ ಸಲ ಸುಮ್ಮನಾದಳು. ಪೇಟೆಯ ಗಡಿಯಾರಗಳು ನಿಂತವಂತೆ. ಆಮೇಲೆ ಸೆರಗಿನ ಗಂಟು ಬಿಚ್ಚಿ ಇದ್ದ ಚುಟ್ಟವನ್ನೆಲ್ಲ ಚರಂಡಿಗೆಸೆದಳು.

“ಇಬ್ರೂ ಬಿಡಾಣ. ನಿನ್ನ ಕೈ ನಡುಗಿದ್ರೆ ನಂದೂ ನಡುಗ್ತದೆ. ಹಿಡ್ಕೊಂಡಿರಾಣ.”

ಮೊದಲ ವಾರ ಅವಳ ಸಿಟ್ಟಿನ ಕಾವಿಗೆ ಕುಕ್ಕೆಯ ಮೆಂತ್ಯ ಬಾಡಿತು. ಹುಡುಗ ಒಮ್ಮೆ ಕದ್ದು ಸೇದಿ ಸಿಕ್ಕಿಬಿದ್ದ. ಅಜ್ಜಿ ಹೊಡೆಯಲಿಲ್ಲ; “ಜಾರಿದೋನು ಏಳ್ಬೇಕು ಕಣೋ, ಅಲ್ಲೇ ಮಲಗ್ಬಾರ್ದು” ಎಂದು ಬಾಯಿಗೆ ಶುಂಠಿ ಚೂರಿಟ್ಟಳು. ಜೊತೆಗೆ ಬೀದಿಗೆಲ್ಲ ಒಂದು ಕಟ್ಟಪ್ಪಣೆ: ಮಕ್ಕಳ ಕೈಲಿ ಚುಟ್ಟ ಹಚ್ಚಿಸುವ ಮನೆಗೆ ಸೊಪ್ಪಿಲ್ಲ.

ಜಟಕಾ ಓಡಿಸುವ ಅರ್ಜುನಪ್ಪ ಜಗಲಿಯಲ್ಲಿ ಕೂತು ರೇಗಿದ. ಅವನ ಮಗ ಆಗಷ್ಟೇ ಚುಟ್ಟ ಹಿಡಿದು ಒಳಗೆ ಹೊರಟಿದ್ದ.

“ಏನಕ್ಕಾ ನಿನ್ ದರ್ಬಾರು? ಸೊಪ್ಪಿನ ಸಾರಿಲ್ದೆ ಬರೀ ಮುದ್ದೆ ನುಂಗಿ ನುಂಗಿ ಗಂಟಲು ಹಿಡ್ಕೊಂಡದೆ. ಮಗ ಏನ್ ಸೇದ್ತಾನಾ? ಹಚ್ಕೊಂಡ್ ಬರ್ತಾನೆ ಅಷ್ಟೆ!”

ಅಜ್ಜಿ ಸೊಂಟಕ್ಕೆ ಕೈಯಿಟ್ಟು ಬಾಯಿ ತೆರೆಯುವ ಮುಂಚೆಯೇ ಮುನಿಕೃಷ್ಣ ಕುಕ್ಕೆ ಇಳಿಸಿದ.

“ಅಣ್ಣಾ, ನಾನೂ ಹಚ್ಕೊಂಡ್ ಬರ್ತಿದ್ದೆ ಅಷ್ಟೆ.”

ಅರ್ಜುನಪ್ಪ ಹುಡುಗನ ಮುಖ ನೋಡಿದ. ಅವನ ಕೆಮ್ಮನ್ನು ಬೀದಿಯೆಲ್ಲ ಕೇಳಿತ್ತು. ಮಗನ ಕೈಯಿಂದ ಚುಟ್ಟ ಕಿತ್ತುಕೊಂಡು, ಗೊಣಗುತ್ತ, ತಾನೇ ಎದ್ದು ಒಲೆಯ ಕಡೆ ನಡೆದ.

“ಹಂಗೆ ನಡಿ!” ಎಂದ ದೊಡ್ಡಮುನಿಯಮ್ಮ ಎರಡು ಕಟ್ಟು ದಂಟಿನ ಸೊಪ್ಪು ಜಗಲಿಗಿಟ್ಟಳು, ಕೊಸರಿಗೆ ಒಂದು ಹಿಡಿ ಕೊತ್ತಂಬರಿ.