ಮುಟ್ಟಿಲ್ಲ ಎಂದು ಆಣೆ ಮಾಡಿದ ಮಕ್ಕಳು

೨೦೦೨ರಲ್ಲಿ ನಾನು ಸವದತ್ತಿ ತಾಲೂಕಿನಲ್ಲಿ ಬ್ಲಾಕ್ ಹೆಲ್ತ್ ಎಜುಕೇಟರ್ ಆಗಿದ್ದೆ. ಕನ್ನಡದಲ್ಲಿ ಈ ಹುದ್ದೆಗೆ ಆರೋಗ್ಯ ಶಿಕ್ಷಣಾಧಿಕಾರಿ ಎಂಬ ಗಂಭೀರವಾದ ಹೆಸರಿದೆ. ಕೆಲಸ ಮಾತ್ರ ಇಷ್ಟೇ: ರೋಗ ಬರುವ ಮೊದಲೇ ಊರೂರಿಗೆ ಹೋಗಿ ಅದರ ಬಗ್ಗೆ ಮಾತಾಡುವುದು. ಔಷಧ ಬರೆಯುವ ಅಧಿಕಾರವಿಲ್ಲ, ಇಂಜೆಕ್ಷನ್ ಮಾಡುವ ಅಧಿಕಾರವೂ ಇಲ್ಲ. ಸರಕಾರ ನನಗೆ ಕೊಟ್ಟ ಉಪಕರಣ ನನ್ನ ಬಾಯಿಯೊಂದೇ.

ನಾನು ಹುಟ್ಟು ಚಿಂತೆಗಾರ. ಬೈಲಹೊಂಗಲದ ನಮ್ಮ ಮನೆಯಿಂದ ಹೊರಟವನು ಬಸ್ ಸ್ಟ್ಯಾಂಡ್ ತನಕ ಹೋಗಿ, ಗ್ಯಾಸ್ ಬಂದ್ ಮಾಡಿದೆಯೋ ಇಲ್ಲವೋ ಎಂದು ತಿರುಗಿ ಬಂದು ನೋಡುತ್ತಿದ್ದೆ. ಬಸ್ಸು ತಪ್ಪೀತೆಂದು ಅದಕ್ಕಿಂತ ಮೊದಲಿನ ಬಸ್ಸಿಗೇ ಹೋಗಿ, ಶಾಲೆಯ ಗೇಟು ತೆಗೆಯುವವರೆಗೆ ಹೊರಗೆ ಕಟ್ಟೆಯ ಮೇಲೆ ಕೂರುತ್ತಿದ್ದೆ. "ಸರಕಾರ ನಿಮಗ ಚಿಂತಿ ಮಾಡಾಕ ಪಗಾರ ಕೊಡತೈತೇನ್ರಿ?" ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ಒಂದು ರೀತಿಯಲ್ಲಿ ಹೌದು ಎನ್ನಬೇಕು.

ಆ ವರ್ಷ ಎಲ್ಲ ಹೈಸ್ಕೂಲುಗಳಲ್ಲಿ ಮಾದಕ ವಸ್ತುಗಳ ಕುರಿತು ಭಾಷಣ ಮಾಡಬೇಕೆಂದು ಆದೇಶ ಬಂತು. ಜೊತೆಗೆ ಒಂದು ಫ್ಲಿಪ್ ಚಾರ್ಟ್ ಕಳಿಸಿದ್ದರು. ಒಂದೊಂದೇ ಹಾಳೆ ಮಗುಚುತ್ತ ತೋರಿಸುವ ಚಿತ್ರಗಳ ಕಟ್ಟು ಅದು. ಮೊದಲ ಹಾಳೆಯಲ್ಲಿ ತಲೆಬುರುಡೆ, ಎರಡನೆಯದರಲ್ಲಿ ಸಿರಿಂಜು, ಮೂರನೆಯದರಲ್ಲಿ ಯಾವುದೋ ಮಹಾನಗರದ ಬೀದಿಯಲ್ಲಿ ಬಿದ್ದಿದ್ದ ಉದ್ದ ಕೂದಲಿನ ಯುವಕ. ನಮ್ಮ ತಾಲೂಕಿನ ಹುಡುಗರು ಅಂಥ ಸಿರಿಂಜನ್ನು ಕನಸಿನಲ್ಲೂ ಕಂಡವರಲ್ಲ. ಅವರ ಕೈಗೆ ಸಿಗುತ್ತಿದ್ದದ್ದು ಗುಟ್ಕಾ, ಪಂಕ್ಚರ್ ಹಾಕುವ ಸಲ್ಯೂಷನ್ ಮತ್ತು ಕೆಮ್ಮಿನ ಸಿರಪ್. ಎಲ್ಲಮ್ಮನ ಗುಡ್ಡಕ್ಕೆ ಭಕ್ತರನ್ನು ತರುವ ಗಾಡಿಗಳ ಡ್ರೈವರ್‌ಗಳಲ್ಲಿ ಕೆಲವರು ನಿದ್ದೆಗೆಟ್ಟ ಮೈಗೆ ಅಂಥ ಸಿರಪ್ ಕುಡಿಯುತ್ತಿದ್ದರು. ರಜೆಯಲ್ಲಿ ಗಾಡಿ ತೊಳೆಯಲು ಹೋದ ಹುಡುಗರು ನೋಡಿ ಕಲಿತರು. ಇದು ನನಗೆ ಗೊತ್ತಿತ್ತು. ಸಿರಪ್ಪಿನ ಮಾತನ್ನು ಭಾಷಣದಲ್ಲಿ ತರಲೇ ಎಂದು ಮೇಲಿನವರನ್ನು ಕೇಳಿದೆ. "ಹೆಸರ ಹೇಳಿದ್ರ ಕಲಿಸಿಕೊಟ್ಟಂಗ ಆಗತೈತ್ರಿ ನದಾಫ. ಚಾರ್ಟಿನಾಗ ಇದ್ದಷ್ಟ ಹೇಳ್ರಿ," ಎಂದರು. ಚಾರ್ಟಿನಲ್ಲಿ ಇದ್ದಷ್ಟೇ ಹೇಳಿದೆ.

ಎಲ್ಲಮ್ಮನ ಗುಡ್ಡದ ಆಸುಪಾಸಿನ ಒಂದು ಹಳ್ಳಿಯ ಹೈಸ್ಕೂಲು. ಹೆಸರು ಬೇಡ. ಅಲ್ಲಿನ ಮುಖ್ಯೋಪಾಧ್ಯಾಯಿನಿ ಕುಲಕರ್ಣಿ ಅಕ್ಕೋರು. ತಂದೆ, ಅಜ್ಜ ಎಲ್ಲ ವೇದ ಓದಿದವರು. ಇವರು ಗಣಿತ ಕಲಿಸುತ್ತಿದ್ದರು. ಶುಲ್ಕ ಕಟ್ಟಲಾಗದ ಹುಡುಗನಿಗೆ ತಾವೇ ಕಟ್ಟುವವರು, ಬಳಿಕ ಅದೇ ಹುಡುಗನ ಕಿವಿ ಹಿಂಡುವವರೂ ಅವರೇ. ನನ್ನ ಭಾಷಣ ಮುಗಿದ ಮೇಲೆ ಅವರು ಒಂದು ಹಿತ್ತಾಳೆ ತಟ್ಟೆಯಲ್ಲಿ ಭಂಡಾರ ತರಿಸಿದರು. ಭಂಡಾರವೆಂದರೆ ಎಲ್ಲಮ್ಮನಿಗೆ ಏರಿಸಿದ ಅರಿಶಿನ ಪುಡಿ. ಅದನ್ನು ಮುಟ್ಟಿ ಸುಳ್ಳು ಹೇಳಿದರೆ ಕಣ್ಣು ಹೋಗುತ್ತವೆ, ಮನೆ ಹಾಳಾಗುತ್ತದೆ ಎಂದು ಆ ಭಾಗದಲ್ಲಿ ನಡೆಯಲು ಕಲಿಯುವ ಮೊದಲೇ ಮಕ್ಕಳು ಕಲಿತಿರುತ್ತಾರೆ. ಜಾತಿ ಮತದ ಭೇದವಿಲ್ಲ. ಮುಸಲ್ಮಾನಳಾದ ನಮ್ಮ ಅವ್ವನೂ ಹರಕೆ ಹೊತ್ತು ಗುಡ್ಡ ಹತ್ತಿದವಳೇ.

ಮಕ್ಕಳು ಸಾಲಾಗಿ ಬಂದು ತಟ್ಟೆಯ ಮೇಲೆ ಕೈಯಿಟ್ಟು ಅಕ್ಕೋರು ಹೇಳಿಕೊಟ್ಟದ್ದನ್ನು ಹೇಳಿದರು: "ನಾನು ಅಂಥಾದ್ದನ್ನ ಮುಟ್ಟಿಲ್ಲ, ಮುಂದೂ ಮುಟ್ಟೂದಿಲ್ಲ." ಕೊನೆಗೆ ಅಕ್ಕೋರು ನನ್ನ ಹಣೆಗೂ ಒಂದು ಬೊಟ್ಟು ಹಚ್ಚಿದರು. "ನಿಮ್ಮ ಚಾರ್ಟಿಗಿಂತ ಇದು ಗಟ್ಟಿ ನೋಡ್ರಿ ನದಾಫರ," ಎಂದರು. ನನಗೂ ಹಾಗೇ ಅನ್ನಿಸಿತು. ಆ ದಿನ ಅಂಗಿಗೆ ಹತ್ತಿದ ಅರಿಶಿನದ ಕಲೆ ಹೋಗುತ್ತದೋ ಇಲ್ಲವೋ ಎಂಬುದಷ್ಟೇ ನನ್ನ ಚಿಂತೆಯಾಗಿತ್ತು.

ಮರುವರ್ಷದ ಬೇಸಿಗೆ. ಪರೀಕ್ಷೆಗಳು ಮುಗಿದಿದ್ದವು. ಪೋಲಿಯೋ ಕಾರ್ಯಕ್ರಮದ ಬ್ಯಾನರ್ ತರಲು ಮಧ್ಯಾಹ್ನ ಸವದತ್ತಿಯ ಸರಕಾರಿ ಆಸ್ಪತ್ರೆಯ ಸ್ಟೋರಿಗೆ ಹೋಗಿದ್ದೆ. ಗುಡ್ಡದ ಕಡೆಯಿಂದ ಒಂದು ಟೆಂಪೋ ಬಂದು ನಿಂತಿತು. ಅದರಿಂದ ಒಬ್ಬ ಹುಡುಗನನ್ನು ಎತ್ತಿ ಇಳಿಸಿದರು. ಹತ್ತನೆಯ ಇಯತ್ತೆಯ ಶಿವಾನಂದ. ತುಟಿ ನೀಲಿ. ಉಸಿರು ಇತ್ತು, ಆದರೆ ಒಂದು ಉಸಿರಾದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯಬೇಕಿತ್ತು. ಜೊತೆಗೆ ಬಂದವನು ಅವನ ಗೆಳೆಯ ಮಾರುತಿ. ಇಬ್ಬರೂ ಅಕ್ಕೋರ ಶಾಲೆಯವರು.

ಡ್ಯೂಟಿಯಲ್ಲಿದ್ದ ಲೇಡಿ ಡಾಕ್ಟರ್, ನಮ್ಮ ಕಡೆಯ ಮಾತಿನಲ್ಲಿ ಡಾಕ್ಟರ್ ಬಾಯಿ, ಚಿಕ್ಕ ವಯಸ್ಸಿನವರು. ಹುಡುಗನ ಕಣ್ಣಿಗೆ ಟಾರ್ಚ್ ಹಾಕಿ ನೋಡಿದರು. "ಏನ ಕುಡದಾನಪಾ ಇವ?"

"ಏನಿಲ್ರಿ. ಬಿಸಲ ಬಡದೈತ್ರಿ," ಎಂದ ಮಾರುತಿ.

"ಬಿಸಲಿಗೆ ಕಣ್ಣಿನ ಪಾಪಿ ಸಾಸವಿ ಕಾಳಿನಂಗ ಆಗೂದಿಲ್ಲ. ಖರೇ ಹೇಳು."

"ಬಿಸಲ್ರಿ."

ಡಾಕ್ಟರ್ ಬಾಯಿ ನನ್ನನ್ನು ಪಕ್ಕಕ್ಕೆ ಕರೆದು ವಿವರಿಸಿದರು. ಹೊಲಕ್ಕೆ ಹೊಡೆಯುವ ಕೀಟನಾಶಕ ಕುಡಿದರೂ ಪಾಪೆ ಹೀಗೇ ಚಿಕ್ಕದಾಗುತ್ತದೆ. ಅಫೀಮಿನ ಜಾತಿಯ ಔಷಧ ಹೆಚ್ಚಾದರೂ ಹೀಗೇ ಆಗುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಎರಡನೆಯದಾದರೆ ಅದರ ಪ್ರತಿಔಷಧ ನಮ್ಮಲ್ಲಿ ಇರಲಿಲ್ಲ. ಧಾರವಾಡದ ಕಡೆಗೆ ಸಾಗಿಸಬೇಕು, ಹೋಗುವಷ್ಟರಲ್ಲಿ ಅವರು ತಯಾರಿರಬೇಕು. ಕೆಲವು ಹುಡುಗರು ಕುಡಿಯುವ ಕೆಮ್ಮಿನ ಸಿರಪ್ಪಿನಲ್ಲೂ ಅಫೀಮಿನ ಅಂಶ ಇರುತ್ತದಲ್ಲ ಎಂದೆ. "ಇರಬಹುದು ಅಂದ್ರ ಸಾಲೂದಿಲ್ಲ. ನನಗ ಬಾಟ್ಲಿ ಯಾವುದು ಗೊತ್ತಾಗಬೇಕ್ರಿ," ಎಂದು ಹೇಳಿ ಅವರು ಹುಡುಗನ ಮೂಗು ಬಾಯಿಗೆ ಅಂಬು ಬ್ಯಾಗ್ ಹಿಡಿದು ಒತ್ತತೊಡಗಿದರು. ಕೈಯಿಂದ ಅದುಮಿ ಉಸಿರು ಕೊಡುವ ರಬ್ಬರಿನ ಚೀಲ ಅದು.

ಕಂಪೌಂಡರ್ ತನ್ನ ರೀತಿಯಲ್ಲಿ ಪ್ರಯತ್ನಿಸಿದರು. "ಹೇಳತಿಯೋ ಪೊಲೀಸರನ್ನ ಕರೀಲೋ, ಮಗನ? ಒದ್ದು ಬಾಯಿ ಬಿಡಸ್ತಾರ." ಮಾರುತಿ ಗೋಡೆಗೆ ಇನ್ನಷ್ಟು ಆತುಕೊಂಡ. ನಾನು ಅವನನ್ನು ಹೊರಗೆ ಆಫೀಸಿನ ಕೋಣೆಗೆ ಕರೆದುಕೊಂಡು ಹೋಗಿ ನೀರು ಕೊಟ್ಟೆ. ಲೋಟ ಹಿಡಿದ, ಕುಡಿಯಲಿಲ್ಲ.

"ನಿನಗ ಯಾರೂ ಹೊಡಿಯೂದಿಲ್ಲ, ತಮ್ಮಾ. ನನಗಷ್ಟ ಹೇಳು."

"ಹೇಳಾಕ ಬರೂದಿಲ್ರಿ ಸರ್."

"ಯಾಕ?"

"ಭಂಡಾರ ಮುಟ್ಟೇವಲ್ರಿ. ಮುಟ್ಟಿಲ್ಲ ಅಂದೇವಿ. ಈಗ ಕುಡದಾನ ಅಂದ್ರ ಸುಳ್ಳ ಆಣಿ ಆಕ್ಕೈತ್ರಿ. ಅಂವ ಸಾಯತಾನ್ರಿ."

ನಾನು ಅವನನ್ನೇ ನೋಡುತ್ತ ನಿಂತೆ. ಗೆಳೆಯ ಬದುಕಲಿ ಎಂದೇ ಅವನು ಬಾಯಿ ಮುಚ್ಚಿಕೊಂಡಿದ್ದ. ಇಷ್ಟು ವರ್ಷ ಎಲ್ಲದಕ್ಕೂ ಹೆದರಿದ ನನಗೆ ಆಗ ಹೆದರಿಕೆಯಾಗಲಿಲ್ಲ. ಏನೂ ಆಗಲಿಲ್ಲ. ಇದು ಬೇರೆ ಯಾರದೋ ಕೋಣೆ, ಬೇರೆ ಯಾರದೋ ಕೈ ಆ ಹುಡುಗನ ಹೆಗಲ ಮೇಲಿದೆ ಎನ್ನುವಂತಿತ್ತು.

"ಆ ಆಣಿ ನಾ ಬಿಡಸೇನಿ, ಹೇಳು," ಎಂದೆ.

"ನೀವು ಕೊಟ್ಟಿಲ್ಲಲ್ರಿ ಸರ್. ಅಕ್ಕೋರು ಕೊಟ್ಟಾರ."

ಅಕ್ಕೋರು ಪೇಪರ್ ತಿದ್ದಲು ಶಾಲೆಯಲ್ಲೇ ಇರುತ್ತಿದ್ದರು, ಆದರೆ ಅಲ್ಲಿ ಫೋನಿರಲಿಲ್ಲ. ಶಾಲೆಯ ಎದುರಿನ ಎಸ್‌ಟಿಡಿ ಬೂತಿಗೆ ಫೋನು ಮಾಡಿ, ಅಕ್ಕೋರನ್ನು ಓಡಿ ಹೋಗಿ ಕರೆಯಿರಿ ಎಂದೆ. ಅವರು ಬಂದಾಗ ಏದುಸಿರು ಕೇಳುತ್ತಿತ್ತು. ಇದ್ದದ್ದು ಇದ್ದ ಹಾಗೆ ಹೇಳಿದೆ. "ಫೋನ್ ಅವನ ಕೈಯಾಗ ಕೊಡ್ರಿ," ಎಂದರು.

ಮಾರುತಿ ರಿಸೀವರನ್ನು ತಲೆಕೆಳಗಾಗಿ ಹಿಡಿದ. ನಾನು ತಿರುಗಿಸಿ ಕೊಟ್ಟೆ. ಅಕ್ಕೋರ ದನಿ ತರಗತಿಯದು, ನಿಂತಲ್ಲಿಗೇ ನನಗೆ ಕೇಳುತ್ತಿತ್ತು.

"ಮಾರುತಿ, ಭಂಡಾರ ಕೊಟ್ಟಾಕಿ ನಾನು. ಅದರದೇನು ಬರಬೇಕೋ ಅದು ನನ್ನ ತಲಿ ಮ್ಯಾಲ ಬರಲಿ. ನಿನ್ನ ಮ್ಯಾಲ ಇಲ್ಲ, ಶಿವಾನಂದನ ಮ್ಯಾಲೂ ಇಲ್ಲ. ಕೇಳಸ್ತೇನು? ಈಗ ಹೇಳು, ಏನ ಕುಡದ್ರಿ?"

ಹುಡುಗ ಒಂದೇ ಉಸಿರಿಗೆ ಹೇಳಿದ. ಕೆಮ್ಮಿನ ಸಿರಪ್ಪಿನ ಬಾಟಲಿಗಳು, ಜೊತೆಗೆ ಯಾರೋ ಕೊಟ್ಟ ನಿದ್ದೆಯ ಗುಳಿಗೆ. ತಾನು ಒಂದೇ ಗುಟುಕು ಕುಡಿದು, ಕಹಿ ಎಂದು ಉಗುಳಿದನಂತೆ. ಶಿವಾನಂದ ಪೂರ್ತಿ ಕುಡಿದ. ನಾನು ಡಾಕ್ಟರ್ ಬಾಯಿಯ ಕಡೆಗೆ ಓಡಬೇಕೆಂದು ಬಾಗಿಲಿಗೆ ಹೋಗಿದ್ದೆ. ಹಿಂದಿನಿಂದ ಅವನ ಮಾತು ಮುಂದುವರಿಯಿತು.

"ಈರಣ್ಣನೂ ಕುಡದಾನ್ರಿ ಅಕ್ಕೋರ. ನಿದ್ದಿ ಬಂತು ಅಂತ ಮನಿಗಿ ಹೋದಾ."

ಅಲ್ಲಿಯವರೆಗೆ ಈರಣ್ಣನೆಂಬ ಈ ಮೂರನೆಯ ಹುಡುಗನ ಹೆಸರನ್ನು ಯಾರೂ ಎತ್ತಿರಲಿಲ್ಲ. ಫೋನಿನಲ್ಲಿ ಅಕ್ಕೋರು, "ಯಾರ ಮನಿಗಿ? ಅವರ ಮನಿಗೇನು?" ಎಂದರು. ಉತ್ತರ ಕೇಳಿಸಿಕೊಂಡರೋ ಇಲ್ಲವೋ, ರಿಸೀವರ್ ಎಲ್ಲಿಗೋ ಬಡಿದ ಸದ್ದಾಯಿತು. ಐವತ್ತು ದಾಟಿದ, ಮೊಣಕಾಲು ನೋವಿನ ಹೆಂಗಸು ಆ ಬಿಸಿಲಿನಲ್ಲಿ ಓಣಿಯುದ್ದಕ್ಕೂ ಓಡಿದರಂತೆ. ಬೂತಿನವನು ಆಮೇಲೆ ಹೇಳಿದ.

ಶಿವಾನಂದನಿಗೆ ದಾರಿಯುದ್ದಕ್ಕೂ ಅಂಬು ಬ್ಯಾಗ್ ಒತ್ತುತ್ತ ಧಾರವಾಡಕ್ಕೆ ಒಯ್ದರು. ಮೊದಲೇ ಫೋನು ಮಾಡಿ ತಿಳಿಸಿದ್ದರಿಂದ ಅಲ್ಲಿ ಪ್ರತಿಔಷಧ ತಯಾರಿತ್ತು. ಅವನು ಬದುಕಿದ.

ಈರಣ್ಣ ಬದುಕಲಿಲ್ಲ. ಅಕ್ಕೋರು ಹೋದಾಗ ಪಡಸಾಲೆಯಲ್ಲಿ ಕೌದಿಯ ಮೇಲೆ ಮಲಗಿದ್ದ. ಮೈ ಇನ್ನೂ ಬೆಚ್ಚಗಿತ್ತು, ಉಸಿರಿರಲಿಲ್ಲ. ಅವನ ತಾಯಿ ಹೊಲದಿಂದ ಊಟಕ್ಕೆಂದು ಬಂದವರು ಅವನನ್ನು ನೋಡಿಯೇ ತಿರುಗಿ ಹೋಗಿದ್ದರು. ಪೋಸ್ಟ್‌ಮಾರ್ಟಂ ಕೋಣೆಯ ಹೊರಗೆ ಅವರು ನನಗೆ ಒಂದೇ ಮಾತನ್ನು ತಿರುತಿರುಗಿ ಹೇಳಿದರು: "ಗೊರಕಿ ಹೊಡಿಯಾಕತ್ತಿದ್ದನ್ರಿ ಸಾಹೇಬ್ರ. ಪರೀಕ್ಷಾದಾಗ ನಿದ್ದಿಗೆಟ್ಟಾನ, ಮಲಗಲಿ ಅಂತ ಎಬ್ಬಸಲಿಲ್ಲ. ಸಪ್ಪಳ ಆಗಬಾರದಂತ ಬಾಗಲಾ ಎಳಕೊಂಡು ಹೋದೆ."

ಅದು ನಿದ್ದೆಯ ಗೊರಕೆಯಲ್ಲ. ಉಸಿರು ಸೋಲುವಾಗ ಗಂಟಲಿನಿಂದ ಬರುವ ಸದ್ದು. ಇದನ್ನು ಡಾಕ್ಟರ್ ಬಾಯಿ ನನಗೆ ಹೇಳಿದರು. ನಾನು ಆ ತಾಯಿಗೆ ಹೇಳಲಿಲ್ಲ. ಇಂದಿಗೂ ಹೇಳಿಲ್ಲ.

ನಂತರದ ದಿನಗಳು ನನಗೆ ಸರಿಯಾಗಿ ನೆನಪಿಲ್ಲ. ಕೆಲಸಕ್ಕೆ ಹೋದೆ, ಬ್ಯಾನರ್ ಕಟ್ಟಿಸಿದೆ, ಮೀಟಿಂಗಿನಲ್ಲಿ ಕೂತೆ. ಒಬ್ಬನಾದರೂ ಉಳಿದನಲ್ಲ ಎಂದು ಅಲ್ಲಿ ಯಾರೋ ಅಂದರು, ತಲೆಯಾಡಿಸಿದೆ. ಒಂದು ಸಂಜೆ ಹೆಂಡತಿ ನನ್ನ ಮುಂದೆ ಬಂದು ಕೂತಳು. "ನೀವು ಗ್ಯಾಸಿನ ಮಾತ ಕೇಳಿ ಭಾಳ ದಿನಾ ಆತು. ಬಾಗಲಾ ತೆರದಿಟ್ಟ ಹೋಗತೀರಿ. ನೀವು ಚಿಂತಿ ಮಾಡಲಾರದ್ದು ನೋಡಿ ನನಗ ಚಿಂತಿ ಹತ್ತೇತಿ," ಎಂದಳು. ನಗುವ ಮಾತೇ ಅದು. ಇಬ್ಬರೂ ನಗಲಿಲ್ಲ.

ಜೂನಿನಲ್ಲಿ ಶಾಲೆ ಶುರುವಾದಾಗ ಅಕ್ಕೋರಿಂದ ಫೋನು ಬಂತು. "ಬಂದು ಹುಡುಗರ ಕೂಡ ಮಾತಾಡ್ರಿ ನದಾಫರ. ಚಾರ್ಟ್ ತರಬ್ಯಾಡ್ರಿ." ಮೇಲಿನವರನ್ನು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದರು ಎಂಬ ಯೋಚನೆ ಕೂಡ ಬರಲಿಲ್ಲ. ಸಿರಪ್ಪಿನ ಒಂದು ಖಾಲಿ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಹೋದೆ.

ಅಕ್ಕೋರು ವೇದಿಕೆಗೆ ಬರಲಿಲ್ಲ. ಹಿಂದಿನ ಬೆಂಚಿನಲ್ಲಿ ಹುಡುಗಿಯರ ಪಕ್ಕ ಕೂತರು. ಆ ಒಂದು ಬೇಸಿಗೆಯಲ್ಲಿ ಅವರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಭಂಡಾರದ ತಟ್ಟೆ ಇರಲಿಲ್ಲ.

ಬಾಟಲಿಯನ್ನು ಮೇಜಿನ ಮೇಲಿಟ್ಟೆ. ಯಾರೂ ಅದನ್ನು ಏನೆಂದು ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಇದು ಮೊದಲು ಮಂಪರು ತರುತ್ತದೆ, ಹೆಚ್ಚಾದರೆ ಉಸಿರನ್ನೇ ಮರೆಸುತ್ತದೆ, ನಿದ್ದೆಯ ಗುಳಿಗೆ ಅಥವಾ ಸಾರಾಯಿ ಜೊತೆಗಿದ್ದರೆ ಇನ್ನೂ ಬೇಗ ಎಂದೆ. ಹಾಗೆ ಬಿದ್ದವನನ್ನು ಒಬ್ಬನೇ ಮಲಗಲು ಬಿಡಬಾರದು. ಮಗ್ಗುಲಾಗಿ ಮಲಗಿಸಬೇಕು. ಅಲುಗಿಸಿದರೂ ಏಳದೆ ವಿಚಿತ್ರವಾಗಿ ಗೊರಕೆ ಹೊಡೆಯುತ್ತಿದ್ದರೆ ಅದು ನಿದ್ದೆಯಲ್ಲ, ಯಾರ ಅಪ್ಪಣೆಗೂ ಕಾಯದೆ ದವಾಖಾನೆಗೆ ತರಬೇಕು. ಏನು ಕುಡಿದ ಎಂದು ಡಾಕ್ಟರಿಗೆ ಇದ್ದದ್ದನ್ನು ಹೇಳಬೇಕು.

ನಡುವಿನ ಸಾಲಿನ ಒಬ್ಬ ಎದ್ದು ನಿಂತ. "ಹಿಂಗ ಹೇಳಿದ್ರ ಕುಡೀರಿ ಅಂದಂಗ ಆತಲ್ರಿ ಸರ್?"

"ಇಲ್ಲ. ಕುಡೀಬ್ಯಾಡ್ರಿ. ಆದ್ರ ಕುಡದವನನ್ನ ಸಾಯಾಕ ಬಿಡಬ್ಯಾಡ್ರಿ."

ಅವನು ಕೂತ ಮೇಲೆ ನಾನೂ ಮಾತು ಬೆಳೆಸದೆ ಕುರ್ಚಿ ಎಳೆದುಕೊಂಡು ಕೂತೆ. ಕಿಟಕಿಯ ಬಳಿ ಕೂತಿದ್ದ ಒಬ್ಬ ಹುಡುಗಿ, ನನ್ನನ್ನಲ್ಲ, ಹಿಂದಿನ ಬೆಂಚಿನ ಕಡೆಗೆ ತಿರುಗಿ ಕೇಳಿದಳು:

"ಅಕ್ಕೋರ, ನಿಮ್ಮ ಹತ್ರ ಬಂದ ಹೇಳಿದ್ರ ಬೈತೀರೇನ್ರಿ?"

ಅಕ್ಕೋರು ಕೂತಲ್ಲಿಂದಲೇ ಹೇಳಿದರು. "ಬೈತೀನಿ. ಬಿಡೂದಿಲ್ಲ. ಆದ್ರ ಮೊದಲ ದವಾಖಾನಿಗೆ ಒಯ್ತೀನಿ. ಅಂವ ಎದ್ದು ಕೂತು ಚಾ ಕುಡದ ಮ್ಯಾಲ ಬೈತೀನಿ."

ಮಕ್ಕಳು ನಕ್ಕರು. ಆ ಕೋಣೆಯಲ್ಲಿ ಗಾಳಿ ಆಡಿದಂತಾಯಿತು. ನಗುವಿನ ಹಿಂದೆಯೇ ಒಂದು ಕೈ ಎದ್ದಿತು, ಆಮೇಲೆ ಇನ್ನೊಂದು. ಅಂದು ಸಾಯಂಕಾಲದ ಬಸ್ಸು ನನಗೆ ತಪ್ಪಿತು.

ಈಗ ನಾನು ರಾಮದುರ್ಗದಲ್ಲಿದ್ದೇನೆ. ನಡುವೆ ಕಿತ್ತೂರಿನ ಕಡೆಯ ಶಾಲೆಗಳಲ್ಲೂ ಈ ಮಾತು ಆಡಿದ್ದೇನೆ. ಹೋದಲ್ಲೆಲ್ಲ ಮೊದಲು ಹೆಡ್‌ಮಾಸ್ತರರ ಕೋಣೆಗೆ ಹೋಗಿ ಒಂದನ್ನೇ ಕೇಳುತ್ತೇನೆ: ನಿಮ್ಮ ಹುಡುಗ ತಪ್ಪು ಮಾಡಿ ನಿಮ್ಮ ಬಾಗಿಲಿಗೆ ಬಂದರೆ ಮೊದಲು ಏನು ಮಾಡುತ್ತೀರಿ? ಬಹಳ ಜನ ಸಿಟ್ಟಾಗುತ್ತಾರೆ. ಕೆಲವರು ಯೋಚಿಸುತ್ತಾರೆ. ಬೈಗುಳ ಬೇಡವೆಂದು ನಾನು ಯಾರಿಗೂ ಹೇಳಿಲ್ಲ. ಅದರ ಸರದಿ ಎರಡನೆಯದು ಎಂದಷ್ಟೇ ಹೇಳುತ್ತೇನೆ. ಇಷ್ಟು ವರ್ಷದ ನೌಕರಿ ನನಗೆ ಕಲಿಸಿದ್ದು ಈ ಸರದಿಯೊಂದನ್ನೇ.