ಹದಿನೇಳನೇ ಕಲ್ಲು

ಸಂಡೂರಿನಿಂದ ಹೊಸಪೇಟೆಗೆ ಬರುವ ದಾರಿಯ ಚಹಾದಂಗಡಿ. ನನ್ನ ಪಕ್ಕ ಭೂವಿಜ್ಞಾನ ಓದುವ ಹುಡುಗಿಯೊಬ್ಬಳು ಕೂತಿದ್ದಳು. ಸಂಶೋಧನೆಗೆಂದು ಗುಡ್ಡದ ಬಂಡೆಗಳಿಗೆಲ್ಲ ಬಿಳಿ ಬಣ್ಣದಲ್ಲಿ ನಂಬರು ಬರೆದು ಹೋಗಿದ್ದಳಂತೆ. ರಜೆ ಮುಗಿಸಿ ಮಾದರಿ ಒಡೆದುಕೊಳ್ಳಲು ಬಂದರೆ ಹದಿನೇಳನೆಯ ಬಂಡೆಯಿದ್ದ ಕಡೆ ಗುಡ್ಡವೇ ಇಲ್ಲ.

ಹೇಳುತ್ತಿದ್ದವಳು ಥಟ್ಟನೆ ಎದ್ದು, ಎದುರು ನಿಂತ ಅದಿರಿನ ಲಾರಿಯತ್ತ ಓಡಿದಳು. ರಾಶಿಯ ಮೇಲಿನ ಕಲ್ಲೊಂದರಲ್ಲಿ ಅವಳದೇ ಕೈಬರಹದ ‘೧೭’ ಇತ್ತು.

“ನಿಮ್ದಾ? ತಗೊಳ್ರಿ ಅಕ್ಕಾರ,” ಎಂದು ಡ್ರೈವರ್ ಇಳಿಸಿಕೊಟ್ಟ. “ಒಂದ್ ಕಲ್ಲು ಹೋದ್ರ ಗುಡ್ಡ ಕರಗತೈತೇನ್ರಿ?”

“ಸಿಕ್ತಲ್ಲವ್ವ, ಚಲೋ ಆತು,” ಅಂದೆ.

“ಇದ್ದ ಜಾಗಾನ ಇಲ್ಲಂದಮ್ಯಾಲೆ ಇದು ಬರೇ ಕಲ್ಲು ನೋಡ್ರಿ,” ಅಂದಳು.

ಆದರೂ ನೋಟುಬುಕ್ಕು ತೆಗೆದು, ‘ಸ್ಥಳ’ ಎಂದಿದ್ದ ಕಡೆ ಲಾರಿಯ ನಂಬರು ಬರೆದುಕೊಂಡಳು.